ಬೊಟಾಕ್ಸ್: ಸುಕ್ಕಿಗೋ, ಕಾಯಿಲೆಗೋ? ಸೂಜಿಗೆ ಒಪ್ಪುವ ಮುನ್ನ

ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಎರಡು. ಒಂದು: "ಹಣೆ ಮೇಲಿನ ಗೆರೆಗೆ ಬೊಟಾಕ್ಸ್ ಹಾಕಿಸಿಕೊಳ್ಳೋಣ ಅಂತಿದ್ದೇನೆ. ಅದು ವಿಷ ಅಂತಾರಲ್ಲ, ಹೌದಾ?" ಇನ್ನೊಂದು: "ಮೈಗ್ರೇನ್‌ಗೆ ಡಾಕ್ಟರು ಬೊಟಾಕ್ಸ್ ಹೇಳಿದ್ದಾರೆ. ಅದು ಸುಕ್ಕಿಗೆ ಹಾಕೋದಲ್ವಾ? ನನಗ್ಯಾಕೆ?" ಇಬ್ಬರೂ ಒಂದೇ ಔಷಧದ ಬಗ್ಗೆ ಅರ್ಧರ್ಧ ಕೇಳಿಸಿಕೊಂಡಿದ್ದಾರೆ. ಆದ್ದರಿಂದ ಇಬ್ಬರಿಗೂ ಸೇರಿಸಿಯೇ ಬರೆಯುತ್ತಿದ್ದೇನೆ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಸುಕ್ಕಿಗೆ ಹಾಕಿಸಿಕೊಂಡರೆ ಶೋಕಿ, ಕಾಯಿಲೆಗೆ ಹಾಕಿಸಿಕೊಂಡರೆ ಸರಿ ಎಂದು ತೀರ್ಪು ಕೊಡುವವರ ಗುಂಪಿನಲ್ಲಿ ನಾನಿಲ್ಲ. ಮುಖ ನಿಮ್ಮದು. ಆದರೆ ಎರಡೂ ಒಂದೇ ಎನ್ನುವ ಮಾತನ್ನೂ ಒಪ್ಪುವುದಿಲ್ಲ. ಔಷಧ ಒಂದೇ ಇರಬಹುದು, ತಕ್ಕಡಿ ಬೇರೆ. ತಿಂಗಳ ಅರ್ಧದಷ್ಟು ದಿನಗಳು ತಲೆ ಹಿಡಿದುಕೊಂಡು ಮಲಗುವವರು ಒಂದಿಷ್ಟು ಅಪಾಯಕ್ಕೆ ಒಪ್ಪಿದರೆ ಅದಕ್ಕೊಂದು ಲೆಕ್ಕವಿದೆ. ಹಣೆಯ ಗೆರೆಯಿಂದ ಯಾರೂ ಹಾಸಿಗೆ ಹಿಡಿದಿಲ್ಲ. ಹಾಗಾಗಿ ಜಾಸ್ತಿ ಪ್ರಶ್ನೆ ಕೇಳಬೇಕಾದವರು ಸುಕ್ಕಿಗೆ ಹೋಗುವವರು. ನಡೆಯುತ್ತಿರುವುದು ಇದಕ್ಕೆ ಉಲ್ಟಾ. ಕಾಯಿಲೆಯವರು ಹೆದರಿ ಹತ್ತು ಸಲ ವಿಚಾರಿಸುತ್ತಾರೆ, ಸುಕ್ಕಿನವರು ಕೂದಲು ಕತ್ತರಿಸಿಕೊಳ್ಳಲು ಹೋದ ಹಾಗೆ ಹೋಗಿ ಕೂತುಬಿಡುತ್ತಾರೆ.

1. ಬಾಟಲಿಯಲ್ಲಿ ಏನಿದೆ ಅಂತ ತಿಳಿದುಕೊಳ್ಳಿ

ಬೊಟಾಕ್ಸ್ ಎನ್ನುವುದು ಒಂದು ಬ್ರ್ಯಾಂಡ್‌ನ ಹೆಸರು. ಒಳಗಿರುವುದು ಬೊಟುಲಿನಂ ಟಾಕ್ಸಿನ್ ಎ. ಕ್ಲಾಸ್ಟ್ರಿಡಿಯಂ ಬೊಟುಲಿನಂ ಎಂಬ ಬ್ಯಾಕ್ಟೀರಿಯಾ ತಯಾರಿಸುವ ವಿಷ ಅದು. ಡಿಸ್ಪೋರ್ಟ್, ಜಿಯೋಮಿನ್ ಎಂಬ ಬೇರೆ ಬ್ರ್ಯಾಂಡ್‌ಗಳಲ್ಲೂ ಇದೇ ಇರುತ್ತದೆ.

ವಿಷ ಹೌದಾ? ಹೌದು, ಸುತ್ತಿ ಬಳಸಿ ಹೇಳುವುದು ಬೇಡ. ಕೆಟ್ಟ ಆಹಾರದಿಂದ ಇದೇ ವಿಷ ಮೈಗೆ ಸೇರಿದರೆ ಬೊಟುಲಿಸಂ ಎಂಬ ಕಾಯಿಲೆ ಬರುತ್ತದೆ. ಉಸಿರಾಟದ ಸ್ನಾಯುಗಳೇ ಸೋತು ಜೀವ ಹೋಗಬಹುದು. ಬೊಟುಲಸ್ ಎಂದರೆ ಲ್ಯಾಟಿನ್‌ನಲ್ಲಿ ಸಾಸೇಜ್. ಸಾಸೇಜ್ ತಿಂದು ಸತ್ತವರನ್ನು ನೋಡಿ 1820ರ ದಶಕದಲ್ಲಿ ಇದರ ಬಗ್ಗೆ ವಿವರವಾಗಿ ಬರೆದವರು ಜರ್ಮನಿಯ ವೈದ್ಯ ಯುಸ್ಟಿನುಸ್ ಕೆರ್ನರ್. ತೀರಾ ಸಣ್ಣ ಪ್ರಮಾಣದಲ್ಲಿ ಇದೇ ಮದ್ದೂ ಆಗಬಹುದು ಎಂದು ಆಗಲೇ ಊಹಿಸಿದ್ದ ಮನುಷ್ಯ ಅವರು.

ಕೆಲಸ ಮಾಡುವ ರೀತಿ ಸರಳ. ಸ್ನಾಯು ಬಿಗಿಯಾಗಬೇಕಾದರೆ ನರದ ತುದಿಯಿಂದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಹೊರಬರಬೇಕು. ಅದು ಹೊರಬರಲು ಬೇಕಾದ ಒಂದು ಪ್ರೋಟೀನನ್ನು ಈ ಟಾಕ್ಸಿನ್ ಕತ್ತರಿಸುತ್ತದೆ. ಸಂದೇಶ ತಲುಪುವುದಿಲ್ಲ, ಸ್ನಾಯು ಸುಮ್ಮನಾಗುತ್ತದೆ. ಬೆವರಿನ ಗ್ರಂಥಿಗೂ ಸಂದೇಶ ಹೋಗುವುದು ಇದೇ ರಾಸಾಯನಿಕದಿಂದ, ಅದಕ್ಕೇ ಬೆವರೂ ನಿಲ್ಲುತ್ತದೆ. ಕೆಲವು ತಿಂಗಳಲ್ಲಿ ನರ ಚೇತರಿಸಿಕೊಂಡು ಎಲ್ಲವೂ ಮೊದಲಿನಂತಾಗುತ್ತದೆ. ಮುಖದಲ್ಲಿ ಸಾಮಾನ್ಯವಾಗಿ 3ರಿಂದ 4 ತಿಂಗಳು, ಕಂಕುಳಲ್ಲಿ ಹೆಚ್ಚುಕಡಿಮೆ ಆರು ತಿಂಗಳು.

ಇದರಲ್ಲೇ ಒಂದು ಎಚ್ಚರಿಕೆಯೂ ಇದೆ. ಪರಿಣಾಮ ಶಾಶ್ವತವಲ್ಲ ಎಂದು ಎಲ್ಲರೂ ಹೇಳುತ್ತಾರೆ. ಚುಚ್ಚಿದ ಮೇಲೆ ವಾಪಸ್ ತೆಗೆಯುವ ಮದ್ದಿಲ್ಲ ಎಂದು ಹೇಳುವವರು ಕಡಿಮೆ. ತಪ್ಪು ಜಾಗಕ್ಕೆ ಹೋದರೆ ಅದರ ಪಾಡಿಗೆ ಅದು ಇಳಿಯುವವರೆಗೆ ಕಾಯಬೇಕು.

ಇನ್ನೊಂದು ತಪ್ಪು ತಿಳಿವಳಿಕೆ: ಇದು ಸೌಂದರ್ಯದ ಮದ್ದು, ಡಾಕ್ಟರುಗಳು ಆಮೇಲೆ ಕಾಯಿಲೆಗೆ ಬಳಸಲು ಶುರುಮಾಡಿದರು ಅಂತ. ಆಗಿದ್ದು ಹಿಂದುಮುಂದು. ಅಮೆರಿಕದ ಕಣ್ಣಿನ ವೈದ್ಯ ಅಲನ್ ಸ್ಕಾಟ್ ಮೆಳ್ಳೆಗಣ್ಣಿಗೆ ಇದನ್ನು ಪ್ರಯೋಗಿಸಿದರು. 1989ರಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಮೆಳ್ಳೆಗಣ್ಣಿಗೆ ಮತ್ತು ರೆಪ್ಪೆ ತಾನಾಗಿ ಬಿಗಿದುಕೊಳ್ಳುವ ತೊಂದರೆಗೆ ಒಪ್ಪಿಗೆ ಕೊಟ್ಟಿತು. ಕೆನಡಾದ ವ್ಯಾಂಕೂವರ್‌ನಲ್ಲಿ ಕಣ್ಣಿನ ವೈದ್ಯೆ ಜೀನ್ ಕ್ಯಾರುಥರ್ಸ್ ರೆಪ್ಪೆ ಸೆಳೆತಕ್ಕೆ ಸೂಜಿ ಹಾಕುತ್ತಿದ್ದಾಗ ಹುಬ್ಬಿನ ನಡುವಿನ ಗೆರೆ ಮಾಯವಾಗಿದ್ದು ಕಂಡಿತು. ಚರ್ಮವೈದ್ಯರಾಗಿದ್ದ ಪತಿ ಅಲಸ್ಟೇರ್ ಜೊತೆ 1992ರಲ್ಲಿ ಅದನ್ನು ಪ್ರಕಟಿಸಿದರು. ಸುಕ್ಕಿಗೆ ಎಫ್‌ಡಿಎ ಒಪ್ಪಿಗೆ ಸಿಕ್ಕಿದ್ದು 2002ರಲ್ಲಿ. ಅಂದರೆ ಸುಕ್ಕು ಹೋಗುವುದು ಮೊದಲು ಕಂಡಿದ್ದೇ ಒಂದು ಸೈಡ್ ಎಫೆಕ್ಟ್ ಆಗಿ.

2. ನೀವು ಯಾವ ಕಡೆಯವರು ಎಂದು ಗುರುತಿಸಿಕೊಳ್ಳಿ

ಕಾಯಿಲೆಯ ಕಡೆ ಇರುವವು ಸಾಕಷ್ಟು. ಕತ್ತು ಒಂದೇ ಕಡೆ ತಿರುಚಿಕೊಳ್ಳುವ ಡಿಸ್ಟೋನಿಯಾ, ಸ್ಟ್ರೋಕ್ ಆದ ಮೇಲೆ ಕೈಕಾಲು ಸೆಟೆದುಕೊಳ್ಳುವುದು, ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳ ಕಾಲಿನ ಬಿಗಿತ, ದೀರ್ಘಕಾಲದ ಮೈಗ್ರೇನ್, ಬೇರೆ ಮದ್ದಿಗೆ ಬಗ್ಗದ ಕಂಕುಳ ಬೆವರು, ತಡೆಯಲಾಗದ ಮೂತ್ರದ ಅವಸರ. ಸೌಂದರ್ಯದ ಕಡೆ ಮುಖ್ಯವಾಗಿ ಮೂರು: ಹುಬ್ಬಿನ ನಡುವಿನ ಗೆರೆ, ಹಣೆಯ ಅಡ್ಡ ಗೆರೆ, ಕಣ್ಣಿನ ಹೊರತುದಿಯ ಗೆರೆ.

ನಡುವೆ ಒಂದು ಬೂದು ಜಾಗವಿದೆ, ಗೊಂದಲವೆಲ್ಲ ಅಲ್ಲೇ. ರಾತ್ರಿ ಹಲ್ಲು ಕಡಿಯುವವರ ದವಡೆ ಸ್ನಾಯುವಿಗೆ ಚುಚ್ಚುತ್ತಾರೆ. ಅದೇ ಸ್ನಾಯುವಿಗೆ ಅದೇ ಸೂಜಿಯನ್ನು ಮುಖ ಸಣ್ಣಗೆ ಕಾಣಲಿ ಅಂತಲೂ ಚುಚ್ಚುತ್ತಾರೆ. ಇಂಥದ್ದರಲ್ಲಿ ಹಲವನ್ನು ಆಫ್ ಲೇಬಲ್ ಬಳಕೆ ಎನ್ನುತ್ತಾರೆ. ಔಷಧಕ್ಕೆ ಒಪ್ಪಿಗೆ ಇದೆ, ಆದರೆ ಈ ನಿರ್ದಿಷ್ಟ ತೊಂದರೆಗೆ ಇಲ್ಲ, ವೈದ್ಯರು ತಮ್ಮ ವಿವೇಚನೆಯಿಂದ ಕೊಡುತ್ತಿದ್ದಾರೆ ಎಂದರ್ಥ. ಅದು ಮೋಸವೇನಲ್ಲ. ಆದರೆ ನಿಮಗೆ ಹೇಳದೆ ಮಾಡಬಾರದು. "ಇದು ಆಫ್ ಲೇಬಲ್ಲಾ?" ಎಂದು ನೇರವಾಗಿ ಕೇಳಿ.

ನೀವು ಯಾವ ಕಡೆ ಎಂದು ಗೊತ್ತಾಗದಿದ್ದರೆ ಒಂದು ಪ್ರಶ್ನೆ ಹಾಕಿಕೊಳ್ಳಿ: ಈ ಸೂಜಿ ಹಾಕಿಸಿಕೊಳ್ಳದಿದ್ದರೆ ನಾಳೆ ನನ್ನಿಂದ ಏನು ಮಾಡಲಾಗುವುದಿಲ್ಲ? "ಕೈ ಬಿಚ್ಚಲಾಗುವುದಿಲ್ಲ", "ಕೆಲಸಕ್ಕೆ ಹೋಗಲಾಗುವುದಿಲ್ಲ" ಎಂಬ ಉತ್ತರ ಬಂದರೆ ಅದು ಚಿಕಿತ್ಸೆ. "ಫೋಟೋದಲ್ಲಿ ದಣಿದ ಹಾಗೆ ಕಾಣುತ್ತೇನೆ" ಎಂದರೆ ಸೌಂದರ್ಯ. ಎರಡನೆಯದಕ್ಕೆ ನಾಚಿಕೆ ಬೇಡ, ಆದರೆ ಅದಕ್ಕೆ ಕಾಯಿಲೆಯ ಹೆಸರೂ ಬೇಡ. ವಿಮೆಯವರೂ ಹೆಚ್ಚಾಗಿ ಇದೇ ಗೆರೆ ಎಳೆಯುತ್ತಾರೆ. ಸೌಂದರ್ಯಕ್ಕಾದರೆ ಸಾಮಾನ್ಯವಾಗಿ ಹಣ ಕೊಡುವುದಿಲ್ಲ. ಚಿಕಿತ್ಸೆಗಾದರೆ ಕೆಲವು ಪಾಲಿಸಿಗಳು ಕೊಡುತ್ತವೆ, ಮುಂಚಿತವಾಗಿ ಲಿಖಿತ ಒಪ್ಪಿಗೆ ಪಡೆಯಿರಿ.

3. ಕಾಯಿಲೆಗಾದರೆ ಹೀಗೆ ತಯಾರಾಗಿ

ಮೈಗ್ರೇನ್‌ನವರು ಮೊದಲು ಡೈರಿ ಬರೆಯಿರಿ. 2010ರಲ್ಲಿ ಎಫ್‌ಡಿಎ ಇದಕ್ಕೆ ಒಪ್ಪಿಗೆ ಕೊಟ್ಟಿದ್ದು ದೀರ್ಘಕಾಲದ ಮೈಗ್ರೇನ್‌ಗೆ ಮಾತ್ರ. ಅಂದರೆ ತಿಂಗಳಿಗೆ 15 ದಿನ ಅಥವಾ ಹೆಚ್ಚು ತಲೆನೋವು, ಬಂದರೆ ದಿನಕ್ಕೆ 4 ಗಂಟೆ ಅಥವಾ ಹೆಚ್ಚು. ತಿಂಗಳಿಗೆ ನಾಲ್ಕೈದು ಸಲ ತಲೆನೋವು ಬರುವವರಿಗೆ ಇದು ಕೆಲಸ ಮಾಡುತ್ತದೆಂದು ಸಾಬೀತಾಗಿಲ್ಲ. ಯಾವ ದಿನ ಬಂತು, ಎಷ್ಟು ಹೊತ್ತು ಇತ್ತು, ಯಾವ ಮಾತ್ರೆ ನುಂಗಿದಿರಿ ಎಂಬ ಮೂರು ಕಲಂ ಸಾಕು. ನೋವಿನ ಮಾತ್ರೆ ಅತಿಯಾಗಿ ನುಂಗಿದ್ದರಿಂದಲೇ ತಲೆನೋವು ಮುಂದುವರಿಯುತ್ತಿದ್ದರೆ ಅದೂ ಈ ಡೈರಿಯಲ್ಲೇ ಸಿಕ್ಕಿಬೀಳುತ್ತದೆ.

ಇದರ ಪ್ರಮಾಣಿತ ವಿಧಾನದಲ್ಲಿ ಹಣೆ, ಕಿವಿಯ ಮೇಲೆ ತಲೆಯ ಎರಡೂ ಪಕ್ಕ, ತಲೆಯ ಹಿಂದೆ, ಕತ್ತು, ಹೆಗಲು ಸೇರಿ 31 ಕಡೆ ಒಟ್ಟು 155 ಯೂನಿಟ್ (ಈ ಔಷಧದ ಅಳತೆ) ಹಾಕುತ್ತಾರೆ. 12 ವಾರಕ್ಕೊಮ್ಮೆ. ಮೊದಲ ಸಲವೇ ಏನೂ ಆಗಲಿಲ್ಲ ಅಂತ ಕೈಬಿಡಬೇಡಿ, ಎರಡನೆಯ ಸುತ್ತಿನ ನಂತರವೇ ಫಲ ಕಂಡವರಿದ್ದಾರೆ. "ಹೇಗೂ ಹಣೆಗೆ ಹಾಕ್ತೀರಲ್ಲ, ಗೆರೆಯೂ ಹೋಗುವ ಹಾಗೆ ಸ್ವಲ್ಪ ಆಚೀಚೆ ಹಾಕಿ" ಎಂದು ಕೇಳುವವರೂ ಇದ್ದಾರೆ. ಬೇಡ. ಆ ಬಿಂದುಗಳನ್ನು ಗೆರೆ ನೋಡಿ ಇಟ್ಟಿದ್ದಲ್ಲ.

ಸ್ಟ್ರೋಕ್ ನಂತರದ ಬಿಗಿತಕ್ಕೆ ಹಾಕಿಸುವವರ ಮನೆಯವರು ಒಂದು ಮಾತು ನೆನಪಿಡಿ: ಸೂಜಿ ಬಿಗಿತ ಸಡಿಲಿಸುತ್ತದೆ, ಕೈಗೆ ಶಕ್ತಿ ತುಂಬುವುದಿಲ್ಲ. ಸಡಿಲವಾದ ಆ ಕೆಲವು ವಾರಗಳಲ್ಲಿ ಫಿಸಿಯೋಥೆರಪಿ ಮಾಡಿಸದಿದ್ದರೆ ಹಾಕಿಸಿದ್ದು ಅರ್ಧ ವ್ಯರ್ಥ.

ಮೂತ್ರಕೋಶಕ್ಕೆ ಹಾಕುವಾಗ ಸೋಂಕು ಇರಬಾರದು. ಕೆಲವರಿಗೆ ಆಮೇಲೆ ಮೂತ್ರ ಪೂರ್ತಿ ಹೋಗದೆ, ಸ್ವಲ್ಪ ಕಾಲ ತಾವೇ ನಳಿಕೆ ಹಾಕಿಕೊಂಡು ಖಾಲಿ ಮಾಡಬೇಕಾಗುತ್ತದೆ. ಅದಕ್ಕೆ ಮನಸ್ಸು ಸಿದ್ಧವಿದೆಯಾ ಎಂದು ಮೊದಲೇ ಯೋಚಿಸಿ.

ಬೆವರಿನವರಿಗೆ: ತಲಾ ಒಂದು ಕಂಕುಳಿಗೆ 50 ಯೂನಿಟ್. ಥೈರಾಯ್ಡ್‌ನಂಥ ಬೇರೆ ಕಾರಣ ಇಲ್ಲವೆಂದು ಮೊದಲು ಖಚಿತಪಡಿಸಿಕೊಳ್ಳಿ.

4. ಸುಕ್ಕಿಗಾದರೆ ಮೊದಲು ಕನ್ನಡಿ ಮುಂದೆ ನಿಲ್ಲಿ

ಹುಬ್ಬು ಗಂಟಿಕ್ಕಿ. ಗೆರೆ ಮೂಡಿತಾ? ಈಗ ಮುಖ ಸಡಿಲ ಬಿಡಿ. ಗೆರೆ ಹೋಯಿತಾ? ಹೋದರೆ ಅದು ಸ್ನಾಯು ಎಳೆದಾಗ ಮಾತ್ರ ಬರುವ ಚಲನೆಯ ಗೆರೆ. ಬೊಟಾಕ್ಸ್ ಕೆಲಸ ಮಾಡುವುದು ಇದಕ್ಕೆ. ಮುಖ ಸಡಿಲ ಬಿಟ್ಟಾಗಲೂ ಗೆರೆ ಕೊರೆದ ಹಾಗೆ ನಿಂತಿದ್ದರೆ ಅದು ಸ್ಥಿರ ಗೆರೆ. ಸ್ವಲ್ಪ ತಿಳಿಯಾಗಬಹುದು, ಪೂರ್ತಿ ಹೋಗುವುದಿಲ್ಲ. ಬಿಸಿಲು, ಸಿಗರೇಟು, ವಯಸ್ಸಿನಿಂದ ಚರ್ಮ ತೆಳುವಾಗಿ ಜೋತುಬಿದ್ದಿದ್ದರೆ ಇದರಿಂದ ಏನೂ ಆಗುವುದಿಲ್ಲ.

ಕೆನ್ನೆ, ತುಟಿ ತುಂಬಿಸಲು ಚುಚ್ಚುವುದು ಫಿಲ್ಲರ್. ಅದು ಬೇರೆಯೇ ವಸ್ತು, ಅದರ ಅಪಾಯಗಳೂ ಬೇರೆ. ರಕ್ತನಾಳಕ್ಕೆ ಹೋಗಿ ಅಡ್ಡಗಟ್ಟಿದರೆ ಚರ್ಮ ಸಾಯಬಹುದು, ಅಪರೂಪಕ್ಕೆ ಕಣ್ಣೇ ಹೋಗಬಹುದು. "ಎರಡೂ ಒಟ್ಟಿಗೆ ಮುಗಿಸಿಬಿಡೋಣ" ಎನ್ನುವ ಪ್ಯಾಕೇಜ್‌ಗೆ ಮೊದಲ ಭೇಟಿಯಲ್ಲೇ ತಲೆ ಆಡಿಸಬೇಡಿ.

ಬೊಟಾಕ್ಸ್ ಬ್ರ್ಯಾಂಡ್‌ನಲ್ಲಿ ಹುಬ್ಬಿನ ನಡುವೆ ಹಾಕುವ ಪ್ರಮಾಣ ಐದು ಕಡೆ ಸೇರಿ 20 ಯೂನಿಟ್. ಎರಡೂ ಕಣ್ಣಿನ ತುದಿಗೆ ಸೇರಿ 24. ಮೈಗ್ರೇನ್‌ನ 155ರ ಪಕ್ಕ ಇಟ್ಟು ನೋಡಿದರೆ ಕಡಿಮೆಯೇ. ಇಷ್ಟು ಸಣ್ಣ ಪ್ರಮಾಣದಲ್ಲಿ ಗಂಭೀರ ತೊಂದರೆ ಅಪರೂಪ ಎನ್ನುವುದು ನಿಜ. ಸೌಂದರ್ಯದ ಪರ ಮಾತಾಡುವವರ ಗಟ್ಟಿಯಾದ ವಾದ ಇದೇ, ನಾನೂ ಒಪ್ಪುತ್ತೇನೆ.

ಹಣೆಯ ವಿಷಯದಲ್ಲಿ ಮಾತ್ರ ಹುಷಾರು. ಹುಬ್ಬನ್ನು ಮೇಲಕ್ಕೆ ಎತ್ತುವುದು ಹಣೆಯ ಒಂದೇ ಒಂದು ಸ್ನಾಯು. ಕೆಲವರ ರೆಪ್ಪೆ ಮೊದಲೇ ಭಾರವಾಗಿರುತ್ತದೆ, ಅವರು ಗೊತ್ತಿಲ್ಲದೆಯೇ ದಿನವಿಡೀ ಹುಬ್ಬು ಎತ್ತಿಕೊಂಡೇ ನೋಡುತ್ತಿರುತ್ತಾರೆ. ಹಣೆಯ ಗೆರೆ ಬಂದಿದ್ದೇ ಅದರಿಂದ. ಅಂಥವರ ಹಣೆಯ ಸ್ನಾಯುವನ್ನು ಮಲಗಿಸಿದರೆ ಹುಬ್ಬು ಇಳಿದು ಕಣ್ಣಿನ ಮೇಲೆ ಕೂರುತ್ತದೆ. ಗೆರೆ ಹೋಯಿತು, ನಿದ್ದೆಗಣ್ಣು ಬಂತು. ಸೂಜಿ ಹಾಕುವವರು ನಿಮ್ಮ ಹುಬ್ಬನ್ನು ಎತ್ತಿಸಿ, ಇಳಿಸಿ, ಕಣ್ಣು ಮುಚ್ಚಿಸಿ ನೋಡದೆ ನೇರ ಹಣೆಗೆ ಗುರುತು ಹಾಕಲು ಹೊರಟರೆ ಎದ್ದು ಬನ್ನಿ.

ಇಪ್ಪತ್ತರ ಹರೆಯದವರು "ಮುಂಜಾಗ್ರತೆಗೆ ಹಾಕಿಸಲಾ?" ಎಂದು ಕೇಳುತ್ತಾರೆ. ಇಲ್ಲದ ಗೆರೆಗೆ ವರ್ಷಕ್ಕೆ ಮೂರು ಸಲ ಸೂಜಿ ಯಾಕೆ ಎನ್ನುವುದು ನನ್ನ ಪ್ರಶ್ನೆ. ಸನ್‌ಸ್ಕ್ರೀನ್ ಹಚ್ಚಿ, ಸಿಗರೇಟು ಬಿಡಿ. ಹದಿನೆಂಟು ತುಂಬದವರಿಗಂತೂ ಬೇಡವೇ ಬೇಡ. ಇಂಗ್ಲೆಂಡ್‌ನಲ್ಲಿ 2021ರ ಅಕ್ಟೋಬರ್‌ನಿಂದ 18ರೊಳಗಿನವರಿಗೆ ಸೌಂದರ್ಯಕ್ಕಾಗಿ ಇದನ್ನು ಚುಚ್ಚುವುದು ಅಪರಾಧ.

5. ನಿಮಗೆ ಆಗಿಬರುತ್ತದಾ ನೋಡಿ

ಬಸುರಿಯರು, ಹಾಲೂಡಿಸುವ ತಾಯಂದಿರು ಸುಕ್ಕಿಗೆ ಹಾಕಿಸಿಕೊಳ್ಳುವುದನ್ನು ಮುಂದೂಡಿ. ಚುಚ್ಚುವ ಜಾಗದಲ್ಲಿ ಸೋಂಕಿದ್ದರೆ, ಮೊದಲು ಇದರಿಂದ ಅಲರ್ಜಿ ಆಗಿದ್ದರೆ ಹಾಕಬಾರದು. ಮಯಸ್ತೇನಿಯಾ ಗ್ರೇವಿಸ್, ಎಎಲ್‌ಎಸ್‌ನಂಥ ನರ ಮತ್ತು ಸ್ನಾಯುವಿನ ಕಾಯಿಲೆ ಇದ್ದವರಿಗೆ ಅಪಾಯ ಜಾಸ್ತಿ. ಡಿಸ್ಪೋರ್ಟ್ ಆದರೆ ಹಸುವಿನ ಹಾಲಿನ ಪ್ರೋಟೀನ್‌ಗೆ ಅಲರ್ಜಿ ಇರುವವರು ಹೇಳಲೇಬೇಕು. ಜೆಂಟಾಮೈಸಿನ್, ಅಮಿಕಾಸಿನ್ ಗುಂಪಿನ ಆಂಟಿಬಯೋಟಿಕ್ ಟಾಕ್ಸಿನ್‌ನ ಪರಿಣಾಮ ಹೆಚ್ಚಿಸಬಹುದು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಚುಚ್ಚಿದಲ್ಲಿ ನೀಲಿಗಟ್ಟುತ್ತದೆ. ಹಾಗಂತ ಹೃದಯಕ್ಕೆ ಬರೆದುಕೊಟ್ಟ ಮಾತ್ರೆಯನ್ನು ಸುಕ್ಕಿಗೋಸ್ಕರ ನೀವೇ ನಿಲ್ಲಿಸಬೇಡಿ!

ಎರಡು ಕಡೆ ಹಾಕಿಸಿಕೊಳ್ಳುವವರಿಗೆ ಒಂದು ಮಾತು. ನರರೋಗ ತಜ್ಞರ ಹತ್ತಿರ ಮೈಗ್ರೇನ್‌ಗೆ, ಇನ್ನೊಂದು ಕ್ಲಿನಿಕ್ಕಿನಲ್ಲಿ ಸುಕ್ಕಿಗೆ ಹಾಕಿಸಿಕೊಂಡು ಇಬ್ಬರಿಗೂ ಹೇಳದೆ ಇರುವವರಿದ್ದಾರೆ. ಬೊಟಾಕ್ಸ್‌ನಲ್ಲಿ ವಯಸ್ಕರಿಗೆ ಮೂರು ತಿಂಗಳಿಗೆ ಎಲ್ಲ ಸೇರಿ 400 ಯೂನಿಟ್ ಮಿತಿ. ಲೆಕ್ಕ ಇಡಬೇಕಾದವರಿಗೆ ಪೂರ್ತಿ ಲೆಕ್ಕ ಕೊಡಿ.

6. ಸೂಜಿ ಹಿಡಿದವರನ್ನೂ ಬಾಟಲಿಯನ್ನೂ ಪರೀಕ್ಷಿಸಿ

ಚಿಕಿತ್ಸೆಯ ಕಡೆ ಈ ತಲೆನೋವು ಕಡಿಮೆ, ಆಸ್ಪತ್ರೆ ಇರುತ್ತದೆ, ತಜ್ಞರು ಇರುತ್ತಾರೆ. ಸೌಂದರ್ಯದ ಕಡೆ ಎಲ್ಲ ಅನಾಹುತದ ಬಾಗಿಲು ಇದೇ. 2024ರಲ್ಲಿ ಅಮೆರಿಕದ ಹಲವು ರಾಜ್ಯಗಳಲ್ಲಿ ಸುಕ್ಕಿಗೆ ಸೂಜಿ ಹಾಕಿಸಿಕೊಂಡವರು ಬೊಟುಲಿಸಂನಂಥ ಲಕ್ಷಣಗಳೊಂದಿಗೆ ಆಸ್ಪತ್ರೆ ಸೇರಿದರು. ನಕಲಿ ಬೊಟಾಕ್ಸ್, ಪರವಾನಗಿ ಅಥವಾ ತರಬೇತಿ ಇಲ್ಲದ ಕೈಗಳು, ಮನೆ, ಸ್ಪಾಗಳಂಥ ಜಾಗಗಳು ಅದರ ಹಿಂದಿದ್ದವು.

ಕೇಳಬೇಕಾದ್ದು ಇಷ್ಟು. ನೀವು ವೈದ್ಯರಾ, ಯಾವ ವಿಭಾಗದವರು? ಯಾವ ಬ್ರ್ಯಾಂಡ್? ಎಷ್ಟು ಯೂನಿಟ್, ಎಲ್ಲೆಲ್ಲಿ? ತೊಂದರೆಯಾದರೆ ರಾತ್ರಿ ಹೊತ್ತು ಯಾರಿಗೆ ಫೋನ್ ಮಾಡಲಿ? ಕೊನೆಯ ಪ್ರಶ್ನೆಗೆ ತಡವರಿಸಿದರೆ ಬೇರೆಯವರನ್ನು ಹುಡುಕಿ.

ಬಾಟಲಿಯನ್ನು ನಿಮ್ಮ ಕಣ್ಣೆದುರೇ ತೆರೆಯಲು ಹೇಳಿ. ಹೊಸ ಬೊಟಾಕ್ಸ್ ಬಾಟಲಿ ನೋಡಿದರೆ ಖಾಲಿ ಇದೆಯೇನೋ ಅನ್ನಿಸುತ್ತದೆ, ತಳದಲ್ಲಿ ಒಣಗಿದ ತೆಳು ಪದರ ಅಷ್ಟೇ ಇರುತ್ತದೆ. ಅದಕ್ಕೆ ಸಲೈನ್ ಬೆರೆಸುತ್ತಾರೆ. ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯಲ್ಲಿ ಇಟ್ಟಿರಬೇಕು, ಬೆರೆಸಿದ ಮೇಲೆ 24 ಗಂಟೆಯೊಳಗೆ ಬಳಸಬೇಕು. ಮೊದಲೇ ತುಂಬಿಟ್ಟ ಸಿರಿಂಜ್ ತಂದರೆ ಅದರಲ್ಲಿ ಏನಿದೆ, ಯಾವಾಗಿನದು ಎಂದು ನಿಮಗೆ ತಿಳಿಯುವ ದಾರಿಯೇ ಇಲ್ಲ.

"ಒಂದು ಎಂಎಲ್ ಹಾಕ್ತೀವಿ", "ಒಂದು ಸಿರಿಂಜ್ ಹಾಕ್ತೀವಿ" ಎಂಬ ಲೆಕ್ಕಕ್ಕೆ ಮರುಳಾಗಬೇಡಿ. ನೀರು ಜಾಸ್ತಿ ಬೆರೆಸಿದರೆ ಎಂಎಲ್ ಎಷ್ಟು ಬೇಕಾದರೂ ಆಗುತ್ತದೆ. ಅಳತೆ ಯೂನಿಟ್‌ನಲ್ಲೇ ಇರಬೇಕು. ಆ ಯೂನಿಟ್ ಕೂಡ ಬ್ರ್ಯಾಂಡ್‌ನಿಂದ ಬ್ರ್ಯಾಂಡ್‌ಗೆ ಬೇರೆ. ಹುಬ್ಬಿನ ನಡುವೆ ಬೊಟಾಕ್ಸ್ 20 ಯೂನಿಟ್ ಬೇಕಾದಲ್ಲಿ ಡಿಸ್ಪೋರ್ಟ್ 50 ಯೂನಿಟ್ ಹಾಕುತ್ತಾರೆ. "ಅವರು ಇಪ್ಪತ್ತು ಕೊಟ್ಟರು, ನಾವು ಐವತ್ತು ಕೊಡ್ತೀವಿ" ಎನ್ನುವ ಆಫರ್‌ನ ಗುಟ್ಟು ಇಷ್ಟೇ.

7. ಹಾಕಿಸಿದ ಮೇಲೆ

ಸುಕ್ಕಿನದಾದರೆ ಕೆಲವು ನಿಮಿಷದ ಕೆಲಸ. ಆ ದಿನ ಮುಖ ತಿಕ್ಕಬೇಡಿ, ಮಸಾಜ್ ಬೇಡ. ಎರಡು ಮೂರು ದಿನದಲ್ಲಿ ಪರಿಣಾಮ ಶುರುವಾಗಿ ಎರಡು ವಾರದ ಹೊತ್ತಿಗೆ ಪೂರ್ತಿ ಕಾಣುತ್ತದೆ. ಐದನೇ ದಿನಕ್ಕೆ "ಒಂದು ಕಡೆ ಆಗಿಲ್ಲ, ಇನ್ನಷ್ಟು ಹಾಕಿ" ಎಂದು ಓಡಬೇಡಿ. ಪದೇ ಪದೇ ಟಚ್‌ಅಪ್ ಮಾಡಿಸಿಕೊಂಡರೆ ದೇಹ ಇದರ ವಿರುದ್ಧ ಪ್ರತಿಕಾಯ ಬೆಳೆಸಿಕೊಂಡು ಮುಂದೆ ಔಷಧವೇ ನಾಟದೆ ಹೋಗಬಹುದು. ಇವತ್ತು ಸುಕ್ಕಿಗೆ ನಾಟದಿದ್ದರೆ ಹೋಗಲಿ ಬಿಡಿ. ನಾಳೆ ಸ್ಟ್ರೋಕ್ ಆಗಿ ಕೈ ಸೆಟೆದುಕೊಂಡಾಗ ನಾಟದಿದ್ದರೆ?

ಸ್ವಲ್ಪ ನೋವು, ಊತ, ನೀಲಿ ಕಲೆ, ತಲೆನೋವು ಸಾಮಾನ್ಯ. ರೆಪ್ಪೆ ಜೋತುಬಿದ್ದರೆ ಗಾಬರಿ ಬೇಡ, ವಾರಗಳಲ್ಲಿ ತಾನಾಗಿ ಸರಿಹೋಗುತ್ತದೆ. ಅಲ್ಲಿಯವರೆಗೆ ರೆಪ್ಪೆಯನ್ನು ತುಸು ಎತ್ತುವ ಕಣ್ಣಿನ ಹನಿಗಳಿವೆ, ವೈದ್ಯರು ಬರೆದುಕೊಡುತ್ತಾರೆ.

ಗಾಬರಿಯಾಗಬೇಕಾದ್ದು ಇವಕ್ಕೆ: ನುಂಗಲು ಕಷ್ಟ, ಮಾತು ತೊದಲುವುದು, ಧ್ವನಿ ಬದಲಾಗುವುದು, ಒಂದು ಎರಡಾಗಿ ಕಾಣುವುದು, ಮೈಯೆಲ್ಲ ಬಲಹೀನವಾಗುವುದು, ಉಸಿರು ಕಟ್ಟುವುದು. ಟಾಕ್ಸಿನ್ ಚುಚ್ಚಿದ ಜಾಗ ಬಿಟ್ಟು ಹರಡಿದರೆ ಹೀಗಾಗುತ್ತದೆ. ಹಾಕಿಸಿದ ಕೆಲವು ಗಂಟೆಗಳಿಂದ ಹಿಡಿದು ಕೆಲವು ವಾರಗಳವರೆಗೆ ಯಾವಾಗ ಬೇಕಾದರೂ ಬರಬಹುದು. 2009ರಿಂದ ಎಫ್‌ಡಿಎ ಈ ಎಚ್ಚರಿಕೆಯನ್ನು ಔಷಧದ ಮಾಹಿತಿ ಪತ್ರದಲ್ಲಿ ಚೌಕಟ್ಟು ಹಾಕಿ ಮುದ್ರಿಸಲು ಹೇಳಿದೆ. ಮಕ್ಕಳ ಕೈಕಾಲಿನ ಬಿಗಿತಕ್ಕೆ ಹಾಕಿಸಿದ ತಂದೆ ತಾಯಂದಿರು ಇದನ್ನು ವಿಶೇಷವಾಗಿ ಗಮನಿಸಿ. ಸೂಜಿ ಹಾಕಿದ ಕ್ಲಿನಿಕ್ಕಿಗೆ ಫೋನ್ ಮಾಡುತ್ತಾ ಕೂರದೆ ನೇರ ತುರ್ತು ವಿಭಾಗಕ್ಕೆ ಹೋಗಿ, ಬೊಟುಲಿನಂ ಟಾಕ್ಸಿನ್ ಹಾಕಿಸಿದ್ದೇವೆ ಎಂದು ಮೊದಲ ಮಾತಿನಲ್ಲೇ ಹೇಳಿ.

8. ಮತ್ತೆ ಹಾಕಿಸಬೇಕಾ?

ಕಾಯಿಲೆಯವರಿಗೆ ಉತ್ತರ ಡೈರಿಯಲ್ಲಿದೆ. ತಲೆನೋವಿನ ದಿನ ಇಳಿದಿದೆಯಾ, ಕೈ ಬಿಚ್ಚಲು ಸುಲಭವಾಗಿದೆಯಾ, ಮೂತ್ರಕ್ಕೆಂದು ರಾತ್ರಿ ಎಷ್ಟು ಸಲ ಎದ್ದಿರಿ? ಅದನ್ನು ವೈದ್ಯರ ಮುಂದಿಡಿ.

ಸುಕ್ಕಿನವರ ಪ್ರಶ್ನೆ ಸಾಮಾನ್ಯವಾಗಿ ಬೇರೆ: "ಬಿಟ್ಟರೆ ಮೊದಲಿಗಿಂತ ಜಾಸ್ತಿ ಸುಕ್ಕಾಗುತ್ತಾ?" ಇಲ್ಲ. ಸ್ನಾಯು ಮೊದಲಿನಂತೆ ಆಡುತ್ತದೆ, ಗೆರೆ ಮೊದಲಿನಂತೆ ಬರುತ್ತದೆ. ಮೂರು ತಿಂಗಳು ನುಣುಪು ಮುಖ ನೋಡಿ ಅಭ್ಯಾಸವಾದ್ದರಿಂದ ಜಾಸ್ತಿಯಾದ ಹಾಗೆ ಕಾಣುತ್ತದೆ, ಅಷ್ಟೇ. ಹಾಕಿಸುವ ಮುನ್ನ ಗಂಟಿಕ್ಕಿದ ಮುಖದ್ದೊಂದು, ಸಡಿಲ ಮುಖದ್ದೊಂದು ಫೋಟೋ ತೆಗೆದಿಟ್ಟುಕೊಂಡಿದ್ದರೆ ಈ ಅನುಮಾನ ಅಲ್ಲೇ ಬಗೆಹರಿಯುತ್ತದೆ. ಮತ್ತೆ ಬೇಕೆನ್ನಿಸಿದರೆ ಎರಡು ಸಲದ ನಡುವೆ ಕನಿಷ್ಠ 12 ವಾರ ಬಿಡಿ.

ಯಾವ ಕಡೆಯವರೇ ಆಗಿರಿ, ಎದ್ದು ಬರುವ ಮುನ್ನ ಬಾಟಲಿಯ ಲೇಬಲ್‌ನ ಫೋಟೋ ತೆಗೆದುಕೊಳ್ಳಿ. ಬ್ರ್ಯಾಂಡ್, ಬ್ಯಾಚ್ ನಂಬರ್, ಎಕ್ಸ್‌ಪೈರಿ ದಿನಾಂಕ ಕಾಣಬೇಕು. ಎಲ್ಲೆಲ್ಲಿ ಎಷ್ಟೆಷ್ಟು ಯೂನಿಟ್ ಹಾಕಿದರು ಎಂದು ಬರೆಸಿಕೊಂಡು ಅದರ ಜೊತೆಗೇ ಫೋನಿನಲ್ಲಿ ಇಡಿ. ಮುಂದಿನ ಸಲ ಬೇರೆ ವೈದ್ಯರ ಹತ್ತಿರ ಹೋದಾಗ ಅವರು ಮೊದಲು ಕೇಳುವುದು ಅದನ್ನೇ.